ನಾಲ್ಕು ನಟ್ಟು, ಐದು ನಟ್ಟು: ವೇಗದ ಕಾರಿನ ಗಾಲಿ ಮತ್ತು ಅದರ ವೃತ್ತ



ಚಿಂಚೋಳಿ ತಾಲ್ಲೂಕಿನ ಸುಲೇಪೇಟದಂತಹ ಒಂದು ಊರಿನಲ್ಲಿ ರಸ್ತೆಯ ಬದಿಗೆ ಅರ್ಧ ಗಂಟೆ ನಿಂತು ನೋಡಿ. ತೊಗರಿ ಚೀಲ ಹೇರಿದ ಟ್ರ್ಯಾಕ್ಟರು, ಶಹಾಬಾದಿನ ಕಡೆಯ ಫರಸಿ ಕಲ್ಲು ತುಂಬಿದ ಲಾರಿ, ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳ ಭಾರಿ ವಾಹನಗಳು, ಜೀಪು, ಕಾರು, ನಡುವೆ ಒಂದೊಂದು ಎತ್ತಿನ ಬಂಡಿ. ಈ ಸಲ ವಾಹನಗಳನ್ನು ನೋಡಬೇಡಿ. ಅವುಗಳ ಗಾಲಿಯ ನಡುಭಾಗವನ್ನು ಮಾತ್ರ ನೋಡಿ. ಬಂಡಿಯ ಗಾಲಿಗೆ ಒಂದೇ ಕಡಾಣಿ. ಸಣ್ಣ ಕಾರಿನ ಗಾಲಿಗೆ ನಾಲ್ಕು ನಟ್ಟು. ಜೀಪಿಗೆ ಐದು. ದೊಡ್ಡ ಲಾರಿಗೆ ಎಂಟು ಅಥವಾ ಹತ್ತು. ಇದು ಹೀಗೇಕೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಅಲ್ಲಿಯೇ ಒಂದು ಪಂಕ್ಚರ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಕಾಲೇಜಿನ ಹುಡುಗನೊಬ್ಬ ಕಲಬುರಗಿಯಿಂದ ನಾಲ್ಕು ಹಳೆಯ ಅಲಾಯ್ ಗಾಲಿಗಳನ್ನು ಕೊಂಡು ತಂದಿದ್ದಾನೆ. ಅವು ಒಂದು ಕಾಲದಲ್ಲಿ ಫಿಯಟ್ ಪಾಲಿಯೋ ಕಾರಿಗೆ ಇದ್ದವು. ಹುಡುಗನ ಮನೆಯಲ್ಲಿರುವುದು ಮಾರುತಿ ಸ್ವಿಫ್ಟ್. ಎರಡಕ್ಕೂ ನಾಲ್ಕೇ ನಟ್ಟು.

“ಕಾಕಾ, ಇವು ನಮ್ಮ ಗಾಡಿಗಿ ಕೂಡ್ತಾವೇನ್ರಿ?”

ಅಂಗಡಿಯ ಹಿರಿಯ ಒಂದು ಗಾಲಿಯನ್ನು ಎತ್ತಿ ಇಟ್ಟು ನೋಡುತ್ತಾನೆ. ನಾಲ್ಕು ತೂತುಗಳಲ್ಲಿ ನಾಲ್ಕು ಬೋಲ್ಟುಗಳೂ ತೂರಿಕೊಳ್ಳುತ್ತವೆ. ನಟ್ಟು ಹಾಕಿ ಬೆರಳಿನಿಂದ ತಿರುಗಿಸುತ್ತಾನೆ. ಕೊನೆಯ ಎರಡು ಸುತ್ತಿಗೆ ಅದು ಹಿಡಿದುಕೊಳ್ಳುತ್ತದೆ.

“ಕೂಡಿದಂಗ ಕಾಣ್ತದ ತಮ್ಮಾ. ಆದ್ರ ನಟ್ಟು ಕೈಲೆ ತಿರಗವಲ್ದು. ಈ ಗಾಲಿ ನಿನ್ನ ಗಾಡೀದಲ್ಲ.”

ಹುಡುಗನಿಗೆ ನಿರಾಸೆ. ಪಾನಾ ಹಾಕಿ ಬಲವಾಗಿ ಬಿಗಿದರೆ ಕೂರುವುದಿಲ್ಲವೇ? ವ್ಯತ್ಯಾಸವಿರುವುದು ಎರಡು ಮಿಲಿಮೀಟರು ಮಾತ್ರವಲ್ಲವೇ? ಇದಕ್ಕೆ ಉತ್ತರ ಹೇಳಬೇಕಾದರೆ ನಾವು ಸ್ವಲ್ಪ ರೇಖಾಗಣಿತವನ್ನೂ, ಸ್ವಲ್ಪ ಭೌತಶಾಸ್ತ್ರವನ್ನೂ, ವೇಗದ ಕಾರುಗಳ ಕೆಲವು ಉದಾಹರಣೆಗಳನ್ನೂ ನೋಡಬೇಕಾಗುತ್ತದೆ. ಮಾತಿನಲ್ಲಿ ಅಂಕಿಗಳು ಕಿವಿಯಿಂದ ಜಾರಿಹೋಗುತ್ತವೆ. ಆದ್ದರಿಂದ ಇಲ್ಲಿ ಪೆನ್ಸಿಲು ಹಿಡಿದು ಓದಿ.

ವೃತ್ತಕ್ಕೊಂದು ಹೆಸರು

ಎತ್ತಿನ ಬಂಡಿಯ ಗಾಲಿಯು ಅಚ್ಚಿನ ಮೇಲೆ ತಾನೇ ತಿರುಗುತ್ತದೆ. ಕಡಾಣಿಯ ಕೆಲಸ ಗಾಲಿ ಹೊರಗೆ ಜಾರಿ ಬೀಳದಂತೆ ತಡೆಯುವುದಷ್ಟೆ. ಕಾರಿನ ಗಾಲಿಯ ಸ್ಥಿತಿ ಬೇರೆ. ಎಂಜಿನ್ನು ಅದನ್ನು ತಿರುಗಿಸಬೇಕು, ಬ್ರೇಕು ಅದನ್ನು ತಡೆದು ನಿಲ್ಲಿಸಬೇಕು. ಆದ್ದರಿಂದ ಗಾಲಿಯು ಹಬ್ ಎಂಬ ತಿರುಗುವ ಉಕ್ಕಿನ ತಟ್ಟೆಗೆ ಒಂದಾಗಿ ಅಂಟಿಕೊಂಡಿರಬೇಕು. ಈ ತಟ್ಟೆಯಿಂದ ಹೊರಚಾಚಿದ ಬೋಲ್ಟುಗಳಿಗೆ ಗಾಲಿಯನ್ನು ತೂರಿಸಿ ನಟ್ಟು ಬಿಗಿಯುತ್ತಾರೆ. ಯೂರೋಪಿನ ಅನೇಕ ಕಾರುಗಳಲ್ಲಿ ನಟ್ಟಿನ ಬದಲು ಬೋಲ್ಟನ್ನೇ ಹೊರಗಿನಿಂದ ಹಬ್ಬಿನೊಳಗೆ ತಿರುಗಿಸುವ ಪದ್ಧತಿಯಿದೆ. ತತ್ವ ಒಂದೇ.

ಈ ಬೋಲ್ಟುಗಳ ಕೇಂದ್ರಗಳನ್ನೆಲ್ಲ ಸೇರಿಸಿ ಒಂದು ವೃತ್ತ ಎಳೆಯಿರಿ. ಆ ವೃತ್ತದ ವ್ಯಾಸವನ್ನು ಪಿ.ಸಿ.ಡಿ. ಎಂದು ಕರೆಯುತ್ತಾರೆ. ಟೈರಿನ ಅಂಗಡಿಗಳಲ್ಲಿಯೂ ಇದೇ ಹೆಸರು ಬಳಕೆಯಲ್ಲಿದೆ. ಬೋಲ್ಟುಗಳ ಸಂಖ್ಯೆ ಮತ್ತು ಈ ವ್ಯಾಸ, ಎರಡನ್ನೂ ಸೇರಿಸಿ ಹೇಳಿದಾಗ ಗಾಲಿಯ ವಿನ್ಯಾಸ ಸ್ಪಷ್ಟವಾಗುತ್ತದೆ. 4×100 ಎಂದರೆ 100 ಮಿಲಿಮೀಟರು ವ್ಯಾಸದ ವೃತ್ತದ ಮೇಲೆ ನಾಲ್ಕು ಬೋಲ್ಟುಗಳು. 5×114.3 ಎಂದರೆ 114.3 ಮಿಲಿಮೀಟರಿನ ವೃತ್ತದ ಮೇಲೆ ಐದು.

114.3 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದನ್ನು 25.4ರಿಂದ ಭಾಗಿಸಿ ನೋಡಿ. ಸರಿಯಾಗಿ ನಾಲ್ಕೂವರೆ ಅಂಗುಲ ಬರುತ್ತದೆ. ಹಾಗೆಯೇ ಹಳೆಯ ಜೀಪಿನ 139.7 ಮಿಲಿಮೀಟರು ಎಂಬುದು ಐದೂವರೆ ಅಂಗುಲ. ಅಂಗುಲದ ಲೆಕ್ಕದಲ್ಲಿ ಹುಟ್ಟಿದ ಅಳತೆಗಳು ಮೀಟರಿನ ಕಾಲದಲ್ಲಿಯೂ ಉಳಿದುಕೊಂಡಿವೆ. ಮೀಟರಿನ ಲೆಕ್ಕದಲ್ಲಿಯೇ ಹುಟ್ಟಿದ 98, 100, 108, 112, 120, 130 ಎಂಬ ಅಳತೆಗಳು ಅವುಗಳ ಪಕ್ಕದಲ್ಲಿ ನಿಂತಿವೆ. ಒಂದಕ್ಕೊಂದು ಸಮೀಪವಾದ, ಆದರೆ ಒಂದಲ್ಲದ ಈ ಸಂಖ್ಯೆಗಳೇ ಮುಂದೆ ನಾವು ನೋಡಲಿರುವ ಅಪಾಯದ ಮೂಲ.

ಐದು ತೂತಿನ ವ್ಯಾಸವನ್ನು ಅಳೆಯುವುದು ಹೇಗೆ?

ನಾಲ್ಕು ತೂತುಗಳಿದ್ದರೆ ಕೆಲಸ ಸುಲಭ. ಎದುರುಬದುರಾಗಿರುವ ಎರಡು ತೂತುಗಳ ಕೇಂದ್ರಗಳ ನಡುವಣ ಅಂತರವೇ ವ್ಯಾಸ. ಐದು ತೂತುಗಳಿದ್ದಾಗ ಯಾವ ತೂತಿಗೂ ನೇರ ಎದುರಿನಲ್ಲಿ ಇನ್ನೊಂದು ತೂತು ಇರುವುದಿಲ್ಲ. ಆಗ ಹತ್ತನೆಯ ತರಗತಿಯ ತ್ರಿಕೋನಮಿತಿ ನೆರವಿಗೆ ಬರುತ್ತದೆ.

ಐದು ಬಿಂದುಗಳು ವೃತ್ತವನ್ನು ಸಮನಾಗಿ ಹಂಚಿಕೊಂಡಾಗ ಪಕ್ಕಪಕ್ಕದ ಎರಡು ಬಿಂದುಗಳು ಕೇಂದ್ರದಲ್ಲಿ 360 ಭಾಗಿಸು 5, ಅಂದರೆ 72 ಡಿಗ್ರಿ ಕೋನವನ್ನು ಉಂಟುಮಾಡುತ್ತವೆ. ಅದರ ಅರ್ಧ 36 ಡಿಗ್ರಿ. ಪಕ್ಕದ ಎರಡು ಬಿಂದುಗಳನ್ನು ಸೇರಿಸುವ ಜ್ಯಾದ ಉದ್ದವು ವ್ಯಾಸ ಗುಣಿಸು ಸೈನ್ 36 ಡಿಗ್ರಿಗೆ ಸಮ. ಸೈನ್ 36 ಡಿಗ್ರಿಯ ಬೆಲೆ 0.588. ಆದ್ದರಿಂದ ಪಕ್ಕದ ಎರಡು ತೂತುಗಳ ಅಂತರವನ್ನು ಅಳೆದು 0.588ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ. ಉದಾಹರಣೆಗೆ ಅಂತರವು 67.2 ಮಿಲಿಮೀಟರು ಬಂದರೆ ವ್ಯಾಸ 114.3, ಅಂತರವು 65.8 ಬಂದರೆ ವ್ಯಾಸ 112, ಅಂತರವು 58.8 ಬಂದರೆ ವ್ಯಾಸ 100.

ಮೊದಲಿನ ಎರಡು ಅಂಕಿಗಳನ್ನು ಮತ್ತೆ ನೋಡಿ. 67.2 ಮತ್ತು 65.8, ಎರಡರ ವ್ಯತ್ಯಾಸ ಒಂದೂವರೆ ಮಿಲಿಮೀಟರಿಗಿಂತಲೂ ಕಡಿಮೆ. ದರ್ಜಿಯ ಟೇಪಿನಿಂದ ಅಳೆದವರು ಇಲ್ಲಿ ಸುಲಭವಾಗಿ ತಪ್ಪುತ್ತಾರೆ. ಪ್ರಯೋಗಶಾಲೆಯಲ್ಲಿರುವ ವರ್ನಿಯರ್ ಕ್ಯಾಲಿಪರು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಆರು ತೂತುಗಳ ಗಾಲಿಯಾದರೆ ಪಕ್ಕದ ಎರಡು ತೂತುಗಳ ಅಂತರವು ತ್ರಿಜ್ಯಕ್ಕೆ ಸಮವಾಗಿರುತ್ತದೆ. ಏಕೆ ಎಂಬುದನ್ನು ನೀವೇ ಸಾಧಿಸಿ ನೋಡಿ.

ಗಾಲಿಯನ್ನು ಹಿಡಿದಿರುವುದು ಯಾವುದು?

ಈ ಪ್ರಶ್ನೆಗೆ ಬಹುಮಂದಿ “ಬೋಲ್ಟು” ಎಂದು ಉತ್ತರಿಸುತ್ತಾರೆ. ಕಾರಿನ ಭಾರವೆಲ್ಲ ಆ ನಾಲ್ಕು ಬೋಲ್ಟುಗಳ ಮೇಲೆ ನೇತಾಡುತ್ತಿದೆ ಎಂದು ಅವರು ಭಾವಿಸುತ್ತಾರೆ. ವಾಸ್ತವವಾಗಿ ಗಾಲಿಯನ್ನು ಹಿಡಿದಿರುವುದು ಘರ್ಷಣೆ.

ಎರಡು ಫರಸಿ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಮೇಲಿನದನ್ನು ತಳ್ಳಿ. ಅದು ಜಾರುತ್ತದೆ. ಅದರ ಮೇಲೆ ನಾಲ್ಕು ಜನ ನಿಂತ ಬಳಿಕ ತಳ್ಳಿ. ಜಾರುವುದಿಲ್ಲ. ಕಲ್ಲುಗಳು ಬದಲಾಗಿಲ್ಲ, ಅವುಗಳನ್ನು ಒತ್ತಿ ಹಿಡಿದ ಬಲ ಬದಲಾಗಿದೆ. ನಟ್ಟು ಮಾಡುವ ಕೆಲಸವೂ ಇಷ್ಟೇ. ಅದು ಗಾಲಿಯ ಮುಖವನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಆ ಒತ್ತುಬಲದಿಂದ ಹುಟ್ಟಿದ ಘರ್ಷಣೆಯೇ ಎಂಜಿನ್ನಿನ ಮತ್ತು ಬ್ರೇಕಿನ ತಿರುಚುಬಲವನ್ನು ಗಾಲಿಗೆ ಮುಟ್ಟಿಸುತ್ತದೆ.

ಹಾಗಾದರೆ ಒತ್ತುಬಲ ಎಷ್ಟಿರುತ್ತದೆ? 12 ಮಿಲಿಮೀಟರು ದಪ್ಪದ ಬೋಲ್ಟಿನ ಮೇಲೆ ನಟ್ಟನ್ನು 100 ನ್ಯೂಟನ್ ಮೀಟರಿನಷ್ಟು ಬಿಗಿದರೆ ಸುಮಾರು 40,000 ನ್ಯೂಟನ್ ಬಲ ಉಂಟಾಗುತ್ತದೆ. ಇದು ಸುಮಾರು ನಾಲ್ಕು ಟನ್ ಭಾರಕ್ಕೆ ಸಮ. ಅಂದರೆ ಒಂದೊಂದು ನಟ್ಟೂ 40 ಕ್ವಿಂಟಲ್ ತೊಗರಿಯ ಭಾರದಷ್ಟು ಬಲದಿಂದ ಗಾಲಿಯನ್ನು ಒತ್ತಿ ಹಿಡಿದಿರುತ್ತದೆ!

ಈ ಬಲವನ್ನು ಕೊಡುವುದು ಬೋಲ್ಟಿನ ಸ್ಥಿತಿಸ್ಥಾಪಕತ್ವ. ನಟ್ಟು ಬಿಗಿದಾಗ ಬೋಲ್ಟು ಸ್ಪ್ರಿಂಗಿನಂತೆ ಹಿಗ್ಗುತ್ತದೆ. ಹಿಗ್ಗುವುದು ಎಷ್ಟು? 30 ಮಿಲಿಮೀಟರು ಉದ್ದದ ಭಾಗ ಹಿಗ್ಗುತ್ತದೆಂದು ಭಾವಿಸಿ ಉಕ್ಕಿನ ಯಂಗ್ ಗುಣಾಂಕದಿಂದ ಲೆಕ್ಕ ಹಾಕಿದರೆ ಸುಮಾರು 0.07 ಮಿಲಿಮೀಟರು ಬರುತ್ತದೆ. ಒಂದು ತಲೆಗೂದಲಿನ ದಪ್ಪ! ನಿಮ್ಮ ಪ್ರಾಣವು ಕೂದಲೆಳೆಯಷ್ಟು ಹಿಗ್ಗಿದ ಉಕ್ಕಿನ ಮೇಲೆ ನಿಂತಿದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಹಬ್ಬಿಗೂ ಗಾಲಿಗೂ ನಡುವೆ ನಮ್ಮ ಎರೆಮಣ್ಣಿನ ಒಂದು ತೆಳುವಾದ ಪದರ ಸಿಕ್ಕಿಕೊಂಡಿತೆನ್ನಿ. ಕಾರು ಓಡಿದಂತೆ ಆ ಮಣ್ಣು ಪುಡಿಯಾಗಿ ಉದುರುತ್ತದೆ. ಪದರದ ದಪ್ಪ 0.1 ಮಿಲಿಮೀಟರು ಇದ್ದರೂ ಸಾಕು, ಬೋಲ್ಟಿನ ಹಿಗ್ಗುವಿಕೆ ಪೂರ್ತಿ ಕಳೆದುಹೋಗುತ್ತದೆ. ನಟ್ಟು ತಿರುಗಿರುವುದಿಲ್ಲ, ಆದರೆ ಹಿಡಿತ ಹೋಗಿರುತ್ತದೆ. ಗಾಲಿ ಬಿಚ್ಚಿದಾಗಲೆಲ್ಲ ಎರಡೂ ಮುಖಗಳನ್ನು ಒರೆಸಬೇಕು ಎಂದು ತಿಳಿದ ಮೆಕ್ಯಾನಿಕರು ಹೇಳುವುದು ಇದಕ್ಕಾಗಿ.

ಎರಡು ಕಾರು, ಒಂದು ಲೆಕ್ಕ

ಈಗ ವೇಗದ ಕಾರಿಗೆ ಐದು ಬೋಲ್ಟು ಏಕೆ ಎಂಬುದನ್ನು ನೋಡೋಣ. ಎಂಜಿನ್ನಿನ ಶಕ್ತಿಗಿಂತಲೂ ಬ್ರೇಕು ಗಾಲಿಯನ್ನು ಹೆಚ್ಚು ಪರೀಕ್ಷಿಸುತ್ತದೆ. ಆದ್ದರಿಂದ ಬ್ರೇಕಿನ ಲೆಕ್ಕವನ್ನೇ ಹಿಡಿಯೋಣ.

ಮೊದಲನೆಯದು ಮನೆಯ ಬಳಕೆಯ ಸಣ್ಣ ಕಾರು. ಜನರೂ ಸೇರಿ ರಾಶಿ 1,000 ಕಿಲೋಗ್ರಾಂ. ಗಟ್ಟಿಯಾಗಿ ಬ್ರೇಕು ಒತ್ತಿದಾಗ ವೇಗವು ಸೆಕೆಂಡಿಗೆ 7 ಮೀಟರಿನಂತೆ ಇಳಿಯುತ್ತದೆ ಎನ್ನೋಣ. ಆಗ ಬೇಕಾದ ಬಲ 7,000 ನ್ಯೂಟನ್. ಬ್ರೇಕು ಹಾಕಿದಾಗ ಕಾರು ಮುಂದಕ್ಕೆ ಬಾಗುವುದರಿಂದ ಇದರಲ್ಲಿ ನೂರಕ್ಕೆ 70 ಭಾಗ ಮುಂದಿನ ಗಾಲಿಗಳಿಗೆ ಬೀಳುತ್ತದೆ. ಮುಂದಿನ ಒಂದು ಗಾಲಿಯ ಪಾಲು 2,450 ನ್ಯೂಟನ್. ಟೈರಿನ ತ್ರಿಜ್ಯ 0.3 ಮೀಟರು ಆದರೆ ತಿರುಚುಬಲ 735 ನ್ಯೂಟನ್ ಮೀಟರು.

ನಾಲ್ಕು ಬೋಲ್ಟುಗಳ ಹಿಡಿತ ಎಷ್ಟು? ಒಂದೊಂದರ ಒತ್ತುಬಲ 40,000. ಘರ್ಷಣಾಂಕವನ್ನು 0.15 ಎಂದು ಇಟ್ಟುಕೊಂಡರೆ ಒಂದೊಂದಕ್ಕೆ 6,000 ನ್ಯೂಟನ್. ನಾಲ್ಕಕ್ಕೆ 24,000. ಇದನ್ನು 4×100 ವೃತ್ತದ ತ್ರಿಜ್ಯವಾದ 0.05 ಮೀಟರಿನಿಂದ ಗುಣಿಸಿದರೆ 1,200 ನ್ಯೂಟನ್ ಮೀಟರು. ಬೇಕಾದದ್ದು 735, ಇರುವುದು 1,200. ಸಣ್ಣ ಕಾರು ಕ್ಷೇಮವಾಗಿದೆ.

ಎರಡನೆಯದು ವೇಗದ ಕಾರು. ರಾಶಿ 1,600 ಕಿಲೋಗ್ರಾಂ. ಅಗಲವಾದ ಟೈರು, ದೊಡ್ಡ ಬ್ರೇಕು. ವೇಗವು ಸೆಕೆಂಡಿಗೆ 10 ಮೀಟರಿನಂತೆ ಇಳಿಯಬಲ್ಲದು. ಒಟ್ಟು ಬಲ 16,000 ನ್ಯೂಟನ್. ನೂರಕ್ಕೆ 75 ಭಾಗ ಮುಂದಕ್ಕೆ ಬಿದ್ದರೆ ಒಂದು ಗಾಲಿಗೆ 6,000. ಟೈರಿನ ತ್ರಿಜ್ಯ 0.32 ಮೀಟರು ಎಂದರೆ ತಿರುಚುಬಲ 1,920 ನ್ಯೂಟನ್ ಮೀಟರು. ಮೊದಲಿನ ನಾಲ್ಕು ಬೋಲ್ಟುಗಳ 1,200 ಇಲ್ಲಿ ಸಾಲದು. ಬೋಲ್ಟಿನ ದಪ್ಪವನ್ನು 14 ಮಿಲಿಮೀಟರಿಗೆ ಏರಿಸಿ, 140 ನ್ಯೂಟನ್ ಮೀಟರಿನಷ್ಟು ಬಿಗಿದರೆ ಒಂದೊಂದರ ಒತ್ತುಬಲ 50,000 ನ್ಯೂಟನ್ ಆಗುತ್ತದೆ. ಅಂತಹ ಐದು ಬೋಲ್ಟುಗಳನ್ನು 114.3ರ ವೃತ್ತದ ಮೇಲೆ ಇಟ್ಟರೆ ಹಿಡಿತ ಸುಮಾರು 2,140 ನ್ಯೂಟನ್ ಮೀಟರು. ಈಗ ಸಾಕು.

ಇದು ಅಂದಾಜಿನ ಲೆಕ್ಕ. ನಟ್ಟು ಕೂರುವ ಜಾಗದ ಘರ್ಷಣೆಯೂ ಸ್ವಲ್ಪ ನೆರವಾಗುತ್ತದೆ. ಎಂಜಿನಿಯರರು ಇನ್ನೂ ಹೆಚ್ಚಿನ ಸುರಕ್ಷತೆಯನ್ನು ಇಟ್ಟುಕೊಳ್ಳುತ್ತಾರೆ. ಆದರೆ ಲೆಕ್ಕ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಹಿಡಿತವು ಮೂರು ಸಂಗತಿಗಳ ಗುಣಲಬ್ಧ: ಬೋಲ್ಟುಗಳ ಸಂಖ್ಯೆ, ಒಂದೊಂದರ ಒತ್ತುಬಲ ಮತ್ತು ವೃತ್ತದ ತ್ರಿಜ್ಯ. ಮೂರರಲ್ಲಿ ಯಾವುದನ್ನು ಹೆಚ್ಚಿಸಿದರೂ ಹಿಡಿತ ಹೆಚ್ಚುತ್ತದೆ. ಕೇವಲ 4×100ರಿಂದ 5×114.3ಕ್ಕೆ ಹೋದರೂ, ಬೋಲ್ಟು ಅದೇ ಇದ್ದರೂ, ಹಿಡಿತ ನೂರಕ್ಕೆ 43ರಷ್ಟು ಏರುತ್ತದೆ. ಜೊತೆಗೆ ದೊಡ್ಡ ವೃತ್ತಕ್ಕೆ ದೊಡ್ಡ ಹಬ್ಬು ಬೇಕು. ದೊಡ್ಡ ಹಬ್ಬಿನಲ್ಲಿ ದೊಡ್ಡ ಬೇರಿಂಗಿಗೆ ಸ್ಥಳವಿರುತ್ತದೆ.

ಕಾರುಗಳನ್ನು ಹೋಲಿಸಿದಾಗ

ಈಗ ಕೆಲವು ಕಾರುಗಳನ್ನು ಸಾಲಾಗಿ ನಿಲ್ಲಿಸೋಣ.

4×98: ಫಿಯಟ್ ಯುನೋ, ಪಾಲಿಯೋ.
4×100: ಭಾರತದ ಮಾರುತಿ ಸ್ವಿಫ್ಟ್, ಹೋಂಡಾ ಸಿಟಿ.
5×100: ಫೋಕ್ಸ್‌ವ್ಯಾಗನ್ ಪೋಲೋ, ಮೊದಲ ಪೀಳಿಗೆಯ ಸ್ಕೋಡಾ ಆಕ್ಟೇವಿಯಾ.
5×112: ಮರ್ಸಿಡಿಸ್ ಬೆಂಜ್ ಕಾರುಗಳು, ಬಿಎಂಡಬ್ಲ್ಯೂ ಸಂಸ್ಥೆಯ ಈಚಿನ ಕಾರುಗಳು.
5×114.3: ಫೋರ್ಡ್ ಮಸ್ಟಾಂಗ್, ಜಪಾನಿನ ಅನೇಕ ಕಾರುಗಳು.
5×120: ಬಿಎಂಡಬ್ಲ್ಯೂ ಸಂಸ್ಥೆಯ ಹಿಂದಿನ ಅನೇಕ ಕಾರುಗಳು.
5×130: ಪೋರ್ಷೆ 911.
5×139.7: ಹಳೆಯ ಜೀಪು, ಮಾರುತಿ ಜಿಪ್ಸಿ.

ಒಂದೇ ಹೆಸರಿನ ಕಾರು ವೇಗದ ರೂಪ ತಾಳಿದಾಗ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ನಮ್ಮ ರಸ್ತೆಯ ಸ್ವಿಫ್ಟಿಗೆ ನಾಲ್ಕು ನಟ್ಟು. ಆದರೆ ಜಪಾನಿನಲ್ಲಿಯೂ ಯೂರೋಪಿನಲ್ಲಿಯೂ ಮಾರಾಟವಾದ ಸ್ವಿಫ್ಟ್ ಸ್ಪೋರ್ಟ್ ಎಂಬ ಅದರ ಚುರುಕಿನ ಅಣ್ಣನಿಗೆ 5×114.3. 1980ರ ದಶಕದ ಬಿಎಂಡಬ್ಲ್ಯೂ 3 ಸರಣಿಯ ಸಾಮಾನ್ಯ ಕಾರಿಗೆ 4×100 ಇತ್ತು. ಅದೇ ಸರಣಿಯ ಎಂ3 ಎಂಬ ಸ್ಪರ್ಧೆಯ ಮಾದರಿಗೆ 5×120 ಕೊಟ್ಟರು. 1997ರಲ್ಲಿ ಹೋಂಡಾ ಸಿವಿಕ್ ಟೈಪ್ ಆರ್ ಬಂದಾಗ ಸಾಮಾನ್ಯ ಸಿವಿಕ್ಕಿನ 4×100 ಅನ್ನು ಬಿಟ್ಟು 5×114.3 ಅಳವಡಿಸಲಾಯಿತು. 2017ರ ಟೈಪ್ ಆರ್ 300ಕ್ಕೂ ಹೆಚ್ಚು ಅಶ್ವಶಕ್ತಿ ಪಡೆದಾಗ ಸಾಮಾನ್ಯ ಸಿವಿಕ್ಕಿನ 5×114.3 ಕೂಡ ಸಾಲದೆ 5×120ಕ್ಕೆ ಏರಿತು.

ಹಾಗಾದರೆ ಹೆಚ್ಚು ನಟ್ಟು, ದೊಡ್ಡ ವೃತ್ತ ಎಂದರೆ ಹೆಚ್ಚು ವೇಗವೇ? ಅವಸರದಿಂದ ಹಾಗೆ ತೀರ್ಮಾನಿಸಬಾರದು. ಜಪಾನಿನ ಮಾಜ್ದಾ ಎಂಎಕ್ಸ್-5 ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳಿ. 1989ರಲ್ಲಿ ಅದು 4×100ರಿಂದ ಆರಂಭವಾಯಿತು. 2005ರ ಮಾದರಿ ದೊಡ್ಡದಾಯಿತು; 5×114.3 ಬಂತು. 2015ರ ಮಾದರಿಯಲ್ಲಿ ತೂಕ ಇಳಿಸುವುದೇ ಗುರಿಯಾಗಿತ್ತು. ಕಾರು ಸುಮಾರು ಒಂದು ಟನ್ನಿಗೆ ಇಳಿಯಿತು. ಆಗ ಎಂಜಿನಿಯರರು ಮತ್ತೆ 4×100ಕ್ಕೇ ಮರಳಿದರು. ಹಗುರ ಕಾರಿಗೆ ನಾಲ್ಕು ಸಾಕು. ಐದನೆಯದು ಅನಗತ್ಯ ಭಾರ. ಇನ್ನೊಂದು ಕಡೆ, ಕಾಡುರಸ್ತೆಯಲ್ಲಿ ತೆವಳುವ ಹಳೆಯ ಜೀಪಿನ ವೃತ್ತವು ಪೋರ್ಷೆ 911ರ ವೃತ್ತಕ್ಕಿಂತ ದೊಡ್ಡದು. ಅದು ಗುಂಡಿಗಳ ಹೊಡೆತಕ್ಕಾಗಿ ಮಾಡಿದ್ದು. ಗಾಲಿಯ ವಿನ್ಯಾಸ ಪದಕವಲ್ಲ. ಅದು ಒಂದು ಲೆಕ್ಕದ ಉತ್ತರ. ಪ್ರಶ್ನೆ ಬೇರೆಯಾದರೆ ಉತ್ತರವೂ ಬೇರೆ.

ನಮ್ಮ ರಾಜ್ಯದಲ್ಲಿ ಇದನ್ನು ಕಣ್ಣಾರೆ ನೋಡಬೇಕಾದರೆ ರ‍್ಯಾಲಿಗಳಿಗೆ ಹೋಗಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿಯೂ, ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ನಡೆಸುವ ಕೆ-1000 ರ‍್ಯಾಲಿಯಲ್ಲಿಯೂ ಜಿಪ್ಸಿ, ಎಸ್ಟೀಮ್, ಪೋಲೋ ಕಾರುಗಳು ಓಡಿವೆ. ಜಿಪ್ಸಿಯದು 5×139.7, ಪೋಲೋದ್ದು 5×100. ಒಂದರ ಸ್ಟೆಪ್ನಿ ಇನ್ನೊಂದಕ್ಕೆ ಆಗುವುದಿಲ್ಲ. ರ‍್ಯಾಲಿಯಲ್ಲಿ ಕಾರು ದುರಸ್ತಿಯ ನಿಲುಗಡೆಗೆ ಬಂದಾಗ ಮೆಕ್ಯಾನಿಕರು ನಟ್ಟುಗಳನ್ನು ಟಾರ್ಕ್ ಪಾನಾದಿಂದ ಮತ್ತೆ ಪರೀಕ್ಷಿಸುತ್ತಾರೆ.

ಒಂದೇ ನಟ್ಟಿನ ಗಾಲಿ

ಫಾರ್ಮುಲಾ ಒನ್ ಕಾರಿನ ಗಾಲಿಗೆ ನಡುವೆ ಒಂದೇ ದೊಡ್ಡ ನಟ್ಟು. ಗಾಲಿ ಬದಲಿಸಲು ಅಲ್ಲಿ ಸೆಕೆಂಡುಗಳ ಭಾಗವೂ ಮುಖ್ಯ. 2023ರ ಕತಾರ್ ಸ್ಪರ್ಧೆಯಲ್ಲಿ ಮ್ಯಾಕ್‌ಲಾರೆನ್ ತಂಡವು ನಾಲ್ಕೂ ಗಾಲಿಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿತು. ಐದು ನಟ್ಟುಗಳನ್ನು ಬಿಚ್ಚುತ್ತ ಕುಳಿತರೆ ಇದು ಸಾಧ್ಯವೇ? ಇಂತಹ ಗಾಲಿಯಲ್ಲಿ ಹಬ್ಬಿನ ಗೂಟಗಳು ಗಾಲಿಯ ಕುಳಿಗಳಲ್ಲಿ ಸೇರಿಕೊಂಡು ತಿರುಚುಬಲವನ್ನು ಹೊರುತ್ತವೆ. ನಟ್ಟು ಒತ್ತಿ ಹಿಡಿಯುತ್ತದೆ. ರಸ್ತೆಯ ಕಾರುಗಳಲ್ಲಿ ಪೋರ್ಷೆ 911 ಜಿಟಿ3 ಇದೇ ಪದ್ಧತಿಯನ್ನು ಹಿಡಿದಿದೆ. ಅದರ ಒಂದು ನಟ್ಟನ್ನು ಬಿಗಿಯಲು ಸುಮಾರು 600 ನ್ಯೂಟನ್ ಮೀಟರು ಬೇಕು. ನಮ್ಮ ಸಣ್ಣ ಕಾರಿನ ನಟ್ಟಿನ ಆರು ಪಾಲು!

ಆದರೆ ಒಂದೇ ನಟ್ಟನ್ನು ನಂಬಿದಾಗ ಒಂದೇ ತಪ್ಪು ಸಾಕಾಗುತ್ತದೆ. 2021ರ ಮೊನಾಕೊ ಸ್ಪರ್ಧೆಯಲ್ಲಿ ಮರ್ಸಿಡಿಸ್ ತಂಡದ ವಾಲ್ಟೆರಿ ಬೋಟಾಸ್ ಎರಡನೆಯ ಸ್ಥಾನದಲ್ಲಿದ್ದರು. ಗಾಲಿ ಬದಲಿಸಲು ನಿಂತಾಗ ಯಂತ್ರದ ಪಾನಾ ಸರಿಯಾಗಿ ಕೂರದೆ ಮುಂದಿನ ಬಲಗಾಲಿಯ ನಟ್ಟಿನ ಹಲ್ಲುಗಳನ್ನೇ ಸವೆಸಿಬಿಟ್ಟಿತು. ಗಾಲಿ ಬರಲೇ ಇಲ್ಲ. ಅವರ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಆ ಗಾಲಿಯನ್ನು ಕೊನೆಗೆ ಬಿಚ್ಚಿದ್ದು ಸುಮಾರು ಎರಡು ದಿನಗಳ ನಂತರ, ಇಂಗ್ಲೆಂಡಿನ ಕಾರ್ಖಾನೆಯಲ್ಲಿ. ಪ್ರಪಂಚದ ಅತ್ಯಂತ ನುರಿತ ಕೈಗಳಲ್ಲಿಯೂ ನಟ್ಟು ಸರಿಯಾಗಿ ಕೂರದಿದ್ದರೆ ಆಗುವುದು ಇದೇ.

ಎರಡು ಮಿಲಿಮೀಟರಿನ ಕಥೆ

ಈಗ ಸುಲೇಪೇಟದ ಅಂಗಡಿಗೆ ಮರಳೋಣ. ಹುಡುಗ ತಂದ ಗಾಲಿ 4×98. ಅವನ ಕಾರು 4×100. ವ್ಯಾಸದಲ್ಲಿ ಎರಡು ಮಿಲಿಮೀಟರು ಎಂದರೆ ಒಂದೊಂದು ತೂತೂ ಬೋಲ್ಟಿಗಿಂತ ಒಂದು ಮಿಲಿಮೀಟರು ಒಳಗಿದೆ. ತೂತು ಬೋಲ್ಟಿಗಿಂತ ಸ್ವಲ್ಪ ಅಗಲವಿರುವುದರಿಂದ ಬೋಲ್ಟು ತೂರುತ್ತದೆ. ಕಣ್ಣಿಗೆ ಎಲ್ಲವೂ ಸರಿ.

ನಟ್ಟಿನ ತುದಿ ಶಂಕುವಿನಾಕಾರದಲ್ಲಿದೆ. ಅದು ಗಾಲಿಯ ಶಂಕುವಿನಾಕಾರದ ಕುಳಿಯಲ್ಲಿ ಸುತ್ತಲೂ ಸಮನಾಗಿ ಕೂರಬೇಕು. ಇಲ್ಲಿ ಅದು ಒಂದೇ ಬದಿಗೆ ತಾಗುತ್ತದೆ. ಕೈಯಿಂದ ತಿರುಗದೆ ನಿಂತದ್ದು ಇದಕ್ಕಾಗಿಯೇ. ಪಾನಾ ಹಾಕಿ ಬಿಗಿದರೆ ನಟ್ಟು ಮುಂದೆ ಹೋಗುತ್ತದೆ, ನಿಜ. ಆದರೆ ಬೋಲ್ಟು ಒಳಕ್ಕೆ ಬಾಗುತ್ತದೆ. ಹಿಡಿದಿರುವುದು ಪೂರ್ಣ ಕುಳಿಯಲ್ಲ, ಒಂದು ಅಂಚು ಮಾತ್ರ. ಕೂದಲೆಳೆಯಷ್ಟು ಹಿಗ್ಗುವಿಕೆಯ ಮೇಲೆ ನಿಂತ ವ್ಯವಸ್ಥೆಯಲ್ಲಿ ಒಂದು ಮಿಲಿಮೀಟರು ಎಂದರೆ ಅದರ ಹದಿನಾಲ್ಕು ಪಾಲು. ಆ ಅಂಚು ಸ್ವಲ್ಪ ಸವೆದರೆ ಸಾಕು, ಒತ್ತುಬಲ ಕುಸಿಯುತ್ತದೆ.

ಇನ್ನೂ ಒಂದು ಮೋಸವಿದೆ. ಗಾಲಿಯ ನಡುವಿನ ದೊಡ್ಡ ರಂಧ್ರವು ಹಬ್ಬಿನ ನಡುವಿನ ಉಬ್ಬಿನ ಮೇಲೆ ಅಳತೆಗೆ ಸರಿಯಾಗಿ ಕೂತು ಗಾಲಿಯನ್ನು ಕೇಂದ್ರದಲ್ಲಿ ನಿಲ್ಲಿಸಬೇಕು. ಈ ಫಿಯಟ್ ಗಾಲಿಯ ರಂಧ್ರ 58.1 ಮಿಲಿಮೀಟರು, ಸ್ವಿಫ್ಟಿನ ಉಬ್ಬು 54.1. ನಾಲ್ಕು ಮಿಲಿಮೀಟರಿನ ಸಡಿಲ. ಆದ್ದರಿಂದಲೇ ಗಾಲಿ ಸಲೀಸಾಗಿ ಒಳಗೆ ಹೋಯಿತು! ಸುಲಭವಾಗಿ ಕೂತದ್ದು ಹೊಂದಾಣಿಕೆಯ ಗುರುತಲ್ಲ, ಆಧಾರವಿಲ್ಲದಿರುವುದರ ಗುರುತು.

60 ಸೆಂಟಿಮೀಟರು ವ್ಯಾಸದ ಟೈರು ಒಂದು ಕಿಲೋಮೀಟರಿಗೆ ಸುಮಾರು 530 ಸುತ್ತು ತಿರುಗುತ್ತದೆ. ಹಿಡಿತ ತಪ್ಪಿದ ಗಾಲಿಯಲ್ಲಿ ಬೋಲ್ಟು ಪ್ರತಿ ಸುತ್ತಿಗೂ ಒಮ್ಮೆ ಅತ್ತಿತ್ತ ಬಾಗುತ್ತದೆ. ನೂರು ಕಿಲೋಮೀಟರಿಗೆ 53,000 ಸಲ. ಒಂದು ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿ ಮುರಿಯುವುದನ್ನು ನೀವು ಮಾಡಿದ್ದೀರಿ. ಲೋಹದ ಈ ಬಳಲಿಕೆ ಹೊರಗೆ ಕಾಣುವುದಿಲ್ಲ. ಮೊದಲ ದಿನ ಏನೂ ಆಗುವುದಿಲ್ಲ. ಮೊದಲ ವಾರವೂ ಆಗದಿರಬಹುದು. ಒಂದು ದಿನ ಒಂದು ಬೋಲ್ಟು ತುಂಡಾಗುತ್ತದೆ. ಉಳಿದ ಮೂರರ ಮೇಲೆ ಭಾರ ಏರುತ್ತದೆ. ಬಳಿಕ ಅವು ಒಂದರ ಹಿಂದೊಂದು ಹೋಗುತ್ತವೆ. ಬಿಚ್ಚಿಕೊಂಡ ಗಾಲಿ ಕಾರಿನ ವೇಗದಲ್ಲಿಯೇ ಮುಂದೆ ಓಡುತ್ತದೆ. ಅದು ಓಡುವ ರಸ್ತೆಯ ಬದಿಯಲ್ಲಿ ಶಾಲೆಯಿಂದ ಮನೆಗೆ ನಡೆದು ಬರುವ ಮಕ್ಕಳಿರುತ್ತಾರೆ. ಗಾಲಿಯ ಶೋಕಿ ಒಬ್ಬನದು. ಅದರ ಬೆಲೆ ತೆರುವವರು ಬೇರೆಯವರೂ ಆಗಬಹುದು.

5×112 ಮತ್ತು 5×114.3, ಬಿಎಂಡಬ್ಲ್ಯೂ ಕಾರಿನ 5×120 ಮತ್ತು ಅಮೆರಿಕದ ಹಿಂದಿನ ಕಾರ್ವೆಟ್ಟುಗಳ 5×120.65, ಇವೂ ಇದೇ ಬಗೆಯ ಮೋಸದ ಜೋಡಿಗಳು. ದೂರದ ಅಳತೆ ನಿಮ್ಮನ್ನು ಮೋಸಗೊಳಿಸುವುದಿಲ್ಲ, ಏಕೆಂದರೆ ಅದು ಕೂರುವುದೇ ಇಲ್ಲ. ಹತ್ತಿರದ ಅಳತೆಯೇ ಅಪಾಯ.

ನೀವು ನೆನಪಿಡಬೇಕಾದದ್ದು

ಗಾಲಿ ಬದಲಿಸುವಾಗ ಬೋಲ್ಟುಗಳ ಸಂಖ್ಯೆ, ವೃತ್ತದ ವ್ಯಾಸ, ನಡುರಂಧ್ರದ ಅಳತೆ, ನಟ್ಟು ಕೂರುವ ಕುಳಿಯ ಆಕಾರ, ನಟ್ಟಿನ ಹಲ್ಲಿನ ಅಳತೆ, ಈ ಐದೂ ತಾಳೆಯಾಗಬೇಕು. ಕುಳಿ ಶಂಕುವಿನಾಕಾರದ್ದಾಗಿದ್ದು ನಟ್ಟು ಗುಂಡು ತುದಿಯದಾದರೆ ಅದೂ ತಪ್ಪೇ. ಹೋಂಡಾ ಕಾರಿನ ನಟ್ಟಿನ ಹಲ್ಲು ಒಂದೂವರೆ ಮಿಲಿಮೀಟರಿಗೊಂದು, ಸುಜುಕಿಯದು ಒಂದೂಕಾಲಿಗೊಂದು. ಬೋಲ್ಟಿನ ದಪ್ಪ ಒಂದೇ ಆದರೂ ಅದಲುಬದಲು ಮಾಡಿದರೆ ಹಲ್ಲು ಕಿತ್ತುಹೋಗುತ್ತದೆ.

ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ. ಬಳಿಕ ಸಾಲಾಗಿ ಬಿಗಿಯದೆ, ನಕ್ಷತ್ರ ಬರೆಯುವಂತೆ ಒಂದನ್ನು ಬಿಟ್ಟು ಒಂದನ್ನು ಬಿಗಿಯಬೇಕು. ಐದು ನಟ್ಟುಗಳಿಗೆ ಕ್ರಮ 1, 3, 5, 2, 4. ಆಗ ಗಾಲಿ ಓರೆಯಾಗದೆ ಸಮನಾಗಿ ಕೂರುತ್ತದೆ. ಪಾನಾದ ಮೇಲೆ ನಿಂತು ಕುಣಿದು ಬಿಗಿಯುವುದು ಬಲದ ಪ್ರದರ್ಶನವೇ ಹೊರತು ಜಾಣತನವಲ್ಲ. ಅತಿಯಾಗಿ ಹಿಗ್ಗಿದ ಬೋಲ್ಟು ಸ್ಪ್ರಿಂಗಿನ ಗುಣವನ್ನು ಕಳೆದುಕೊಳ್ಳುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಬೇಕು. ಹೊಸ ಗಾಲಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರು ಓಡಿಸಿ ಮತ್ತೆ ಪರೀಕ್ಷಿಸಬೇಕು.

ಒಂದು ಸಣ್ಣ ಚಟುವಟಿಕೆ ನಿಮಗಾಗಿ. ನಿಂತಿರುವ ಐದು ನಟ್ಟಿನ ಒಂದು ಕಾರಿನ ಬಳಿ, ಮಾಲೀಕರ ಅನುಮತಿ ಪಡೆದು, ನಟ್ಟನ್ನು ಮುಟ್ಟದೆ, ಪಕ್ಕದ ಎರಡು ನಟ್ಟುಗಳ ಕೇಂದ್ರಗಳ ಅಂತರವನ್ನು ಅಳೆಯಿರಿ. 0.588ರಿಂದ ಭಾಗಿಸಿ. ಮೇಲಿನ ಪಟ್ಟಿಯ ಯಾವ ಸಂಖ್ಯೆಗೆ ನಿಮ್ಮ ಉತ್ತರ ಹತ್ತಿರ ಬಂತು ಎಂದು ನೋಡಿ. ಸ್ನೇಹಿತನೂ ಅಳೆಯಲಿ. ಇಬ್ಬರ ಉತ್ತರದಲ್ಲಿ ಎಷ್ಟು ವ್ಯತ್ಯಾಸ ಬಂತು? ಆ ವ್ಯತ್ಯಾಸ ಎರಡು ಮಿಲಿಮೀಟರಿಗಿಂತ ಹೆಚ್ಚಾದರೆ, ಕಣ್ಣಂದಾಜನ್ನು ನಂಬಿ ಗಾಲಿ ಕೊಳ್ಳಬಾರದು ಎಂಬುದು ನಿಮಗೇ ಮನವರಿಕೆಯಾಗುತ್ತದೆ.

ಪಂಕ್ಚರ್ ಅಂಗಡಿಯ ಹಿರಿಯನಿಗೆ ಸೈನ್ 36 ಡಿಗ್ರಿ ಎಷ್ಟೆಂದು ತಿಳಿದಿರಲಾರದು. ಆದರೆ ಕೈಯಿಂದ ತಿರುಗದ ನಟ್ಟನ್ನು ಅವನು ಪಾನಾದಿಂದ ತಿರುಗಿಸಲಿಲ್ಲ. ನಿಮ್ಮ ಗಣಿತವು ಹೇಳುವುದೂ ಅವನ ಬೆರಳು ಹೇಳಿದ್ದೂ ಒಂದೇ ಮಾತು.